ಮೂರನೆಯವಳ ಪಾಲು

ಧಾರವಾಡದ ಸಪ್ತಾಪುರದಲ್ಲಿ ಖೋಲಿಗಳು ತುಂಬುವುದೂ ಖಾಲಿಯಾಗುವುದೂ ಪರೀಕ್ಷೆಗಳ ಕೈಯಲ್ಲಿದೆ. ಪಿಎಸ್‌ಐ, ಎಫ್‌ಡಿಎ, ಪಿಡಿಒ, ಶಿಕ್ಷಕರ ನೇಮಕಾತಿ, ಯಾವುದಾದರೊಂದಕ್ಕೆ ಅಧಿಸೂಚನೆ ಬರುತ್ತದೆಂಬ ಸುದ್ದಿ ಹಬ್ಬಿದರೆ ಸಾಕು, ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು, ಕಲಬುರಗಿ ಕಡೆಯ ಬಸ್ಸುಗಳಿಂದ ಹಾಸಿಗೆ ಸುರುಳಿ, ಪುಸ್ತಕದ ಚೀಲ, ರೊಟ್ಟಿ ಡಬ್ಬಿ ಹಿಡಿದ ಹುಡುಗ ಹುಡುಗಿಯರು ಇಳಿಯುತ್ತಾರೆ. ಶ್ರೀನಗರ, ಕಲ್ಯಾಣನಗರ, ಜಯನಗರದ ಓಣಿಗಳಲ್ಲಿ ಮನೆಗಳ ಮೇಲೆ ಮಹಡಿ ಎದ್ದಿರುವುದು ಇವರನ್ನು ನಂಬಿಯೇ. ಪರೀಕ್ಷೆ ಮುಂದಕ್ಕೆ ಹೋಯಿತೆಂದರೆ ಮೊದಲು ಊರಿನಿಂದ ಬರುವ ದುಡ್ಡು ನಿಲ್ಲುತ್ತದೆ. ಆಮೇಲೆ ಖೋಲಿಯಲ್ಲಿ ಒಬ್ಬರು ಕಡಿಮೆಯಾಗುತ್ತಾರೆ. ಹೋದವರ ಪಾಲಿನ ಬಾಡಿಗೆ ಉಳಿದವರ ತಲೆಯ ಮೇಲೆ ಬೀಳುತ್ತದೆ.

2022ರ ಕೊನೆಗೆ ಸಪ್ತಾಪುರದ ಒಂದು ಮಹಡಿ ಖೋಲಿಯಲ್ಲಿ ಆದದ್ದು ಇದೇ. ಅಲ್ಲಿ ಮೂವರು ಹುಡುಗಿಯರಿದ್ದರು. ಒಬ್ಬಳು ಬಾದಾಮಿ ತಾಲ್ಲೂಕಿನ ಹಳ್ಳಿಯವಳು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಕಾಲೇಜು ಉಪನ್ಯಾಸಕರ ಅರ್ಹತೆಯ ಕೆ-ಸೆಟ್ ಪರೀಕ್ಷೆಗೆ ಓದುತ್ತಿದ್ದಳು. ಈ ನೆನಪುಗಳು ಅವಳವು. ಇನ್ನೊಬ್ಬಳು ಬೈಲಹೊಂಗಲದವಳು, ಕಾಮರ್ಸ್ ಓದುವವಳು. ಮತ್ತೊಬ್ಬಳು ವಿಜಯಪುರ ಜಿಲ್ಲೆಯ ಇಂಡಿಯವಳು. ಖೋಲಿಯೊಳಗೆ ಹೆಸರಿಗಿಂತ ಊರೇ ಬಾಯಿಗೆ ಬರುತ್ತಿತ್ತು: ಬಾದಾಮಿಯಾಕಿ, ಬೈಲಹೊಂಗಲದಾಕಿ, ಇಂಡಿಯಾಕಿ.

ಇಂಡಿಯಾಕೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆಗಬೇಕೆಂದು ಬಂದವಳು. ಬೆಳಗಿನ ಜಾವ ಎದ್ದು ಕರ್ನಾಟಕ ಕಾಲೇಜಿನ (ಕೆಸಿಡಿ) ಮೈದಾನದಲ್ಲಿ ಓಡುತ್ತಿದ್ದಳು, ಹಗಲು ರೀಡಿಂಗ್ ರೂಮಿನಲ್ಲಿ ಕೂರುತ್ತಿದ್ದಳು. 545 ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯನ್ನು ಬರೆದಳು. ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಆ ಪರೀಕ್ಷೆಯ ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ರದ್ದು ಮಾಡಿ ಮರುಪರೀಕ್ಷೆ ನಡೆಸುವುದಾಗಿ ಹೇಳಿದಾಗ ಅವಳಿಗೆ ಮತ್ತೆ ಜೀವ ಬಂತು. ಆದರೆ ದಿನಾಂಕ ಬರಲಿಲ್ಲ. ಆಯ್ಕೆಯಾಗಿದ್ದವರು ನ್ಯಾಯಾಲಯಕ್ಕೆ ಹೋದರು. ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ಊರಲ್ಲಿ ಅವಳ ಅಪ್ಪ ಎರಡು ವರ್ಷ ತಡೆದಿದ್ದ ಮಾತನ್ನು ಕೊನೆಗೆ ಎತ್ತಿದರು: ಗಂಡು ನೋಡಿದ್ದೇವೆ, ಬಾ. ಅವಳು ಪುಸ್ತಕಗಳನ್ನು ಗೋಣಿಚೀಲಕ್ಕೆ ಕಟ್ಟಿ ವಿಜಯಪುರದ ಬಸ್ಸಿಗೆ ಹಾಕಿದಳು. ಓಡುವ ಬೂಟುಗಳನ್ನು ಕೈಯಲ್ಲೇ ಹಿಡಿದುಕೊಂಡಳು.

ಖೋಲಿಯ ಬಾಡಿಗೆ ತಿಂಗಳಿಗೆ 6,000 ರೂಪಾಯಿ. ಮೂವರಿದ್ದರೆ ತಲೆಗೆ ಎರಡು ಸಾವಿರ, ಇಬ್ಬರಾದರೆ ಮೂರು. ಊರಿಂದ ಅವರಿಗೆ ಬರುತ್ತಿದ್ದ ಐದು ಸಾವಿರದಲ್ಲಿ ರೀಡಿಂಗ್ ರೂಮಿನ ಫೀ, ಸಣ್ಣ ಸಿಲಿಂಡರು, ರಾತ್ರಿ ಊಟದ ಖಾನಾವಳಿ ಎಲ್ಲ ತೂಗಬೇಕಿತ್ತು. ಹೆಚ್ಚಿನ ಒಂದು ಸಾವಿರ ಎಲ್ಲಿಂದ ಬರಬೇಕು? ಬೈಲಹೊಂಗಲದಾಕೆ ರಾತ್ರಿಯ ಖಾನಾವಳಿ ಬಿಟ್ಟಳು. ಬಾದಾಮಿಯಾಕೆ ಕೆ-ಸೆಟ್‌ನ ಮಾದರಿ ಪ್ರಶ್ನೆಪತ್ರಿಕೆಗಳ ಪುಸ್ತಕ ಕೊಳ್ಳುವುದನ್ನು ಮುಂದೂಡಿ, ಅವರಿವರ ಹತ್ತಿರ ಎರವಲು ತಂದು ಜೆರಾಕ್ಸ್ ಮಾಡಿಸಿಕೊಂಡಳು.

ಡಿಪಾಜಿಟ್ಟಿನದು ಬೇರೆಯೇ ಕತೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಹಳೆಯದು. ಸಪ್ತಾಪುರದ ಈ ಖೋಲಿಗೆ ಮನೆಯ ಒಡತಿ ಆಯಿ ಇಟ್ಟುಕೊಂಡಿದ್ದದ್ದು 15,000 ರೂಪಾಯಿ. ಅದನ್ನು ಕೊಟ್ಟವರು ಈ ಮೂವರಲ್ಲ. ವರ್ಷಗಳ ಹಿಂದೆ ಇದ್ದ ಯಾರೋ ಮೂವರು ಕೊಟ್ಟದ್ದು. ಅವರಲ್ಲಿ ಒಬ್ಬಳು ಬಿಟ್ಟಾಗ ಅವಳ ಐದು ಸಾವಿರವನ್ನು ಆಯಿ ಹಿಂದಿರುಗಿಸಲಿಲ್ಲ, ಹೊಸದಾಗಿ ಬಂದವಳು ಹೋಗುವವಳಿಗೆ ಕೊಟ್ಟಳು. ಹೀಗೆ ದುಡ್ಡು ಒಬ್ಬರಿಂದ ಒಬ್ಬರಿಗೆ ದಾಟುತ್ತ ಬಂದಿತ್ತು. ರಸೀದಿ ಇಲ್ಲ, ಸಹಿ ಇಲ್ಲ. ಹನ್ನೊಂದು ತಿಂಗಳ ಕರಾರು ಪತ್ರವೊಂದಿತ್ತು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುತ್ತದಾದ್ದರಿಂದ ನಾಡಿನ ಎಲ್ಲೆಡೆ ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ಆ ಪತ್ರದಲ್ಲಿ ಇದ್ದದ್ದು ಎಂದೋ ನೌಕರಿ ಸಿಕ್ಕಿ ಹೋದ ಒಬ್ಬ ಹುಡುಗಿಯ ಹೆಸರು. ಅವಧಿ ಮುಗಿದರೂ ಯಾರೂ ಅದನ್ನು ಹೊಸದು ಮಾಡಿರಲಿಲ್ಲ. ಇಂಡಿಯಾಕೆಯ ಐದು ಸಾವಿರ ಅವಳ ಕೈಸೇರಬೇಕಾದರೆ ಅವಳ ಜಾಗಕ್ಕೆ ಒಬ್ಬಳು ಬರಲೇಬೇಕಿತ್ತು. ಮದುವೆಯ ಖರ್ಚಿನ ಮನೆ, ಅವಳ ಅವ್ವ ಫೋನಿನಲ್ಲಿ ಮೆಲ್ಲಗೆ ಕೇಳುತ್ತಿದ್ದರು, “ಯಾರರೆ ಸಿಕ್ಕರೇನವಾ?”

ಮೂರನೆಯವಳು ಬೇಕಿದ್ದದ್ದು ಬಾಡಿಗೆಗಷ್ಟೇ ಅಲ್ಲ. ಧಾರವಾಡದಲ್ಲಿ ಇರಬೇಕೆಂದರೆ ನೀರಿನ ಲೆಕ್ಕ ಗೊತ್ತಿರಬೇಕು. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಿಂದ ಊರಿಗೆ ನೀರು ಬರುತ್ತದೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರಲ್ಲೇ ದಿನದ 24 ತಾಸೂ ನೀರು ಕೊಡುವ ಪ್ರಯೋಗ ಶುರುವಾಯಿತು. ಉಳಿದ ಓಣಿಗಳಲ್ಲಿ ದಿನಗಟ್ಟಲೆ ಕಾದ ಮೇಲೆ ಒಮ್ಮೆ ನಳ ಬರುತ್ತಿತ್ತು. ಇವರ ಓಣಿಗೆ ಅದು ಬೆಳಗಿನ ಹೊತ್ತೂ ಬರಬಹುದು, ಮಧ್ಯರಾತ್ರಿಯೂ ಬರಬಹುದು. ಆಗ ಖೋಲಿಯಲ್ಲಿ ಒಬ್ಬರಾದರೂ ಇರಬೇಕು. ಕೆಳಗಿಳಿದು ಪೈಪು ಹಚ್ಚಬೇಕು, ಆಯಿಯ ತೊಟ್ಟಿ ತುಂಬಿದ ಮೇಲೆ ಮೋಟರು ಹಾಕಿ ಮೇಲಿನ ಬ್ಯಾರಲ್‌ಗಳನ್ನು ತುಂಬಿಸಿಕೊಳ್ಳಬೇಕು. ಮೂವರಿದ್ದಾಗ ಪಾಳಿ ನಡೆಯುತ್ತಿತ್ತು. ಇಬ್ಬರಾದ ಮೇಲೆ, ಒಬ್ಬಳು ಕ್ಲಾಸಿನಲ್ಲಿ ಇನ್ನೊಬ್ಬಳು ಲೈಬ್ರರಿಯಲ್ಲಿದ್ದಾಗ ನೀರು ಬಂದು ಹೋಗಿಬಿಡುತ್ತಿತ್ತು.

ರೊಟ್ಟಿಗೂ ಅದೇ ತಾಪತ್ರಯ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅವ್ವಂದಿರು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಲ್ಲೆ ಕಟ್ಟಿ ಬುತ್ತಿಯನ್ನು ಸರ್ಕಾರಿ ಬಸ್ಸಿಗೆ ಇಡುತ್ತಾರೆ. ಡಬ್ಬಿಯ ಮೇಲೆ ಮಗಳ ಹೆಸರು, ಫೋನ್ ನಂಬರು. ಡ್ರೈವರ್, ಕಂಡಕ್ಟರುಗಳು ಅದನ್ನು ಜತನದಿಂದ ತಂದು ಮುಟ್ಟಿಸುತ್ತಾರೆ. ಇಂಡಿಯಾಕೆಯ ಊರ ಕಡೆಯ ಬಸ್ಸಿನಲ್ಲಿ ಬರುತ್ತಿದ್ದ ಖಡಕ್ ರೊಟ್ಟಿಗಳ ಮೇಲೆ ಮೂವರ ಬೆಳಗಿನ ಊಟ ನಡೆಯುತ್ತಿತ್ತು. ಬಾದಾಮಿಯಾಕೆಯ ಹಳ್ಳಿಗೆ ನೇರ ಬಸ್ಸಿರಲಿಲ್ಲ. ಬೈಲಹೊಂಗಲದಾಕೆಯ ಅವ್ವ ಹೊಲದ ಕೂಲಿಗೆ ಹೋಗುವವರು. ವಾರಕ್ಕೊಮ್ಮೆ ಬುತ್ತಿ ಕಟ್ಟುವುದೇ ಅವರಿಗೆ ಹೆಚ್ಚು.

ಹಾಸ್ಟೆಲಿಗೆ ಯಾಕೆ ಹೋಗಲಿಲ್ಲ ಎಂದು ಊರಲ್ಲಿ ಎಲ್ಲರೂ ಕೇಳುತ್ತಿದ್ದರು. ಹಾಸ್ಟೆಲಿನ ದಾರಿ ಕಾಲೇಜಿನಲ್ಲಿ ಪ್ರವೇಶ ಪಡೆದವರಿಗೆ. ದೇವರಾಜ ಅರಸು ಅವರ ಕಾಲದಿಂದ ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರಿ ವಸತಿನಿಲಯಗಳು ಬೆಳೆದವು. ಅಲ್ಲಿ ಸೀಟು ಸಿಗದವರಿಗೆಂದು 2013-14ರಲ್ಲಿ ವಿದ್ಯಾಸಿರಿ ಬಂತು; ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಊಟ, ವಸತಿಗೆ ನೆರವು. ಬಾದಾಮಿಯಾಕೆ ಎಂ.ಎ. ಮೊದಲ ವರ್ಷ ಅದರಿಂದಲೇ ಬದುಕಿದವಳು. ಆದರೆ ಕೋರ್ಸು ಮುಗಿದೊಡನೆ ಹಾಸ್ಟೆಲೂ ಮುಗಿಯುತ್ತದೆ, ನೆರವೂ ಮುಗಿಯುತ್ತದೆ. ಓದು ಮುಗಿದು ನೌಕರಿ ಸಿಗುವ ತನಕ ಹಳ್ಳಿಯ ಮಕ್ಕಳು ಕಳೆಯುವ ಎರಡು ಮೂರು ವರ್ಷಕ್ಕೆ ಇರುವ ಆಸರೆ ಹಂಚಿಕೊಂಡ ಖೋಲಿ ಒಂದೇ.

ಹುಡುಕಾಟ ಜೆರಾಕ್ಸ್ ಅಂಗಡಿಯ ಗೋಡೆಯಿಂದ ಶುರುವಾಯಿತು. “ಹುಡುಗಿಯರ ಖೋಲಿಗೆ ಒಬ್ಬರು ಬೇಕಾಗಿದ್ದಾರೆ” ಎಂದು ಬರೆದು ಕೆಳಗೆ ಫೋನ್ ನಂಬರು ಹಾಕಿದರು. ಅಂದಿನ ರಾತ್ರಿಯಿಂದಲೇ ಗೊತ್ತಿಲ್ಲದ ಗಂಡಸರ ಫೋನುಗಳು. ಚೀಟಿ ಹರಿದು ಹಾಕಿ ಹೊಸದು ಬರೆದರು. ನಂಬರಿನ ಜಾಗದಲ್ಲಿ “ಖಾನಾವಳಿ ಅಕ್ಕನವರ ಹತ್ತಿರ ಕೇಳಿ” ಎಂದಿತ್ತು. ಗಂಡ ತೀರಿಕೊಂಡ ಮೇಲೆ ಮನೆಯ ಪಡಸಾಲೆಯಲ್ಲೇ ಖಾನಾವಳಿ ನಡೆಸುತ್ತಿದ್ದ ಆ ಅಕ್ಕನಿಗೆ ಓಣಿಯ ಎಲ್ಲ ಹುಡುಗಿಯರ ಪರಿಚಯ. ಯಾರು ತಿಂಗಳ ದುಡ್ಡು ಸರಿಯಾಗಿ ಕೊಡುತ್ತಾರೆ, ಯಾರು ಜ್ವರ ಬಂದವಳಿಗೆ ಗಂಜಿ ಒಯ್ಯುತ್ತಾರೆ, ಎಲ್ಲ ಅವರಿಗೆ ಗೊತ್ತು. ಕೇಳಲು ಬಂದವಳನ್ನು ಮೊದಲು ಊಟಕ್ಕೆ ಕೂರಿಸಿ, ಮಾತಾಡಿಸಿ, ಆಮೇಲೆ ಖೋಲಿಗೆ ಕಳಿಸುತ್ತಿದ್ದರು.

ಬಂದವರು ಬಹಳ. ನಡುವರ್ಷದಲ್ಲಿ ಬರುವವರಿಗೆ ಒಂದೊಂದು ಕಾರಣವಿರುತ್ತದೆ. ನರ್ಸಿಂಗ್ ಮಾಡುತ್ತಿದ್ದ ಒಬ್ಬಳಿಗೆ ರಾತ್ರಿ ಪಾಳಿ. ಆಯಿಯ ಗೇಟಿಗೆ ಎಂಟು ಗಂಟೆಗೆ ಕೀಲಿ. ಒಬ್ಬಳಿಗೆ ಪರೀಕ್ಷೆ ಮುಗಿಯುವ ತನಕ ತಿಂಗಳೊಪ್ಪತ್ತು ಸಾಕಿತ್ತು. ಇನ್ನೊಬ್ಬಳ ಜೊತೆ ಅವಳಪ್ಪ ಬಂದಿದ್ದರು. ಕಿಟಕಿಯ ಸರಳು ಅಲ್ಲಾಡಿಸಿ ನೋಡಿದರು, ಮಾಳಿಗೆ ಹತ್ತಿ ಪಕ್ಕದ ಖೋಲಿಯಲ್ಲಿ ಯಾರಿದ್ದಾರೆ ಎಂದು ಕೇಳಿದರು, ಹುಡುಗರ ಖೋಲಿ ಎಂದು ತಿಳಿದೊಡನೆ ಮಗಳ ಕೈ ಹಿಡಿದು ಇಳಿದು ಹೋದರು. ಮಗಳು ಮಾತ್ರ ಮೆಟ್ಟಿಲ ತಿರುವಿನವರೆಗೂ ಹಿಂತಿರುಗಿ ನೋಡುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಸಿಂಧನೂರಿನಾಕೆ ಬಂದಳು. ಬಿ.ಎಸ್ಸಿ. ಮುಗಿಸಿ ಪಿಡಿಒ ಪರೀಕ್ಷೆಗೆ ಓದಲು ಬಂದವಳು, ಪರಿಚಯದವರ ಮನೆಯಲ್ಲಿ ಇಕ್ಕಟ್ಟಿನಲ್ಲಿದ್ದಳು. ಖೋಲಿಯೊಳಗೆ ಕಾಲಿಟ್ಟು ಮೊದಲು ಕೇಳಿದ್ದೇ ನೀರಿನ ಬಗ್ಗೆ. ಬ್ಯಾರಲ್‌ಗಳನ್ನು ನೋಡಿ, “ನಳ ರಾತ್ರಿ ಬಂದ್ರ ನಾ ಎದ್ದಿರ್ತೀನ್ರೀ, ನನ್ನ ಓದು ರಾತ್ರೀದ” ಎಂದಳು. ಇಬ್ಬರೂ ಅಲ್ಲೇ ಒಪ್ಪಿದರು. ಐದು ಸಾವಿರ ಅವಳ ಹತ್ತಿರ ತಯಾರಿತ್ತು. ಉಳಿದಿದ್ದದ್ದು ಆಯಿಗೆ ಒಂದು ಮಾತು ಹೇಳುವುದು.

ಆಯಿ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಯಾವೂರಾಕಿ ಅವಾ?”

“ಸಿಂಧನೂರ ಕಡೆಯಾಕಿರಿ, ಆಯಿ.”

“ಮಂದಿ ಯಾರು ನೀವು?”

ಸಿಂಧನೂರಿನಾಕೆ ತಲೆ ತಗ್ಗಿಸಲಿಲ್ಲ. “ನಾವು ಎಸ್ಸಿರಿ.”

ಆಯಿ ಏನೂ ಅನ್ನಲಿಲ್ಲ, ಕಾಯಿ ಸುಲಿಯುತ್ತಲೇ ಇದ್ದರು. ಸಂಜೆ ಬಾದಾಮಿಯಾಕೆಯನ್ನು ಕರೆದು, ಬೇರೆ ಯಾರಿಗೋ ಮಾತು ಕೊಟ್ಟದ್ದಿದೆ, ಆ ಹುಡುಗಿಗೆ ಬೇಡವೆಂದು ಹೇಳಿಬಿಡಿ ಎಂದರು. ಆ ಬೇರೆಯವರು ಯಾರೂ ಇರಲಿಲ್ಲ. ಮೇಲಿನ ಇಬ್ಬರಿಗೂ ಅದು ಗೊತ್ತಿತ್ತು.

ಇತಿಹಾಸ ಓದಿದ ಬಾದಾಮಿಯಾಕೆಗೆ ಆ ರಾತ್ರಿ ನಿದ್ದೆ ಬರಲಿಲ್ಲ. 1917ರಲ್ಲಿ ಅಂಬೇಡ್ಕರ್ ಬರೋಡಾ ಸಂಸ್ಥಾನದ ನೌಕರಿಗೆಂದು ಹೋದಾಗ ಅವರಿಗೆ ತಂಗಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದರು. ಗುರುತು ಸಿಕ್ಕಾಗ ಕೋಲು ಹಿಡಿದ ಜನ ಬಂದು ಹೊರಗೆ ಹಾಕಿದರು. ವಿದೇಶದಲ್ಲಿ ಓದಿ ಬಂದ ವಿದ್ವಾಂಸನಿಗೆ ಆ ಊರಿನಲ್ಲಿ ಒಂದು ಕೋಣೆ ಇರಲಿಲ್ಲ. ಅದೇ ಅಂಬೇಡ್ಕರ್ 1920ರ ದಶಕದ ಕೊನೆಗೆ ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗೆ ವಸತಿನಿಲಯವಾಗಲು ಕಾರಣರಾದರು. ಓದುವ ಮಕ್ಕಳಿಗೆ ಈ ಊರು ಮಾಡಿದ ಉಪಕಾರ ದೊಡ್ಡದು. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು, ವಾರಾನ್ನದ ಮನೆಗಳಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಆದರೆ ಮನೆಯ ವಾರಾನ್ನ ಸಾಮಾನ್ಯವಾಗಿ ತಮ್ಮವರ ಮಕ್ಕಳಿಗೆ ಸಿಗುತ್ತಿತ್ತು. ಯಾರ ಮನೆಯ ಪಂಕ್ತಿಗೂ ಸೇರದ ಮಕ್ಕಳಿಗಾಗಿಯೇ ಅಂಬೇಡ್ಕರ್ ಬೇರೆ ವಸತಿನಿಲಯದ ಚಿಂತೆ ಮಾಡಬೇಕಾಯಿತು. ಸುಮಾರು ತೊಂಬತ್ತು ವರ್ಷಗಳ ಮೇಲೆ ಅದೇ ಊರಿನಲ್ಲಿ, ದುಡ್ಡು ಕೈಯಲ್ಲಿ ಹಿಡಿದು ನಿಂತ ಹುಡುಗಿಗೆ ಖೋಲಿ ಇಲ್ಲ.

ಬೆಳಗ್ಗೆ ಇಬ್ಬರೂ ಕೂಡಿ ಕೆಳಗಿಳಿದರು. ಬೈಲಹೊಂಗಲದಾಕೆಯೇ ಮಾತು ತೆಗೆದಳು: “ಆಯಿ, ಆಕಿ ಬರಂಗಿಲ್ಲಂದ್ರ ನಾವೂ ಈ ತಿಂಗಳ ಖಾಲಿ ಮಾಡ್ತೀವ್ರಿ.” ಹೇಳುವಾಗ ಅವಳ ದನಿ ನಡುಗಿತು. ಹೋಗಲು ಬೇರೆ ಜಾಗ ಅವರಿಗೂ ಇರಲಿಲ್ಲ. ಆದರೆ ಫೆಬ್ರವರಿ ಹತ್ತಿರ ಬಂದಿತ್ತು. ಆ ಹೊತ್ತಿಗೆ ಖಾಲಿಯಾದ ಖೋಲಿ ಮತ್ತೆ ತುಂಬುವುದು ಜೂನ್, ಜುಲೈಯಲ್ಲೇ ಎಂಬುದು ವರ್ಷಗಳಿಂದ ಬಾಡಿಗೆಗೆ ಕೊಡುತ್ತಿದ್ದ ಆಯಿಗೆ ಚೆನ್ನಾಗಿ ತಿಳಿದಿತ್ತು. ತೀರಿಕೊಂಡ ಗಂಡನ ಪೆನ್ಶನ್ನು, ಈ ಬಾಡಿಗೆ, ಎರಡರ ಮೇಲೆಯೇ ಅವರ ಔಷಧಿಯೂ ನಡೆಯಬೇಕು. ಬಹಳ ಹೊತ್ತಿನ ಮೇಲೆ, “ಬರ್ಲಿ ಹಂಗಾರ” ಎಂದರು. ಜೊತೆಗೆ ಇನ್ನೊಂದು ಮಾತು: “ಕೆಳಗ ನಳದ ಕೆಲಸ ನೀವಿಬ್ರ ಮಾಡ್ರಿ. ಆಕಿ ಬ್ಯಾಡ.”

ಸಿಂಧನೂರಿನಾಕೆಗೆ ಅದನ್ನು ಹೇಗೆ ಹೇಳುವುದು ಎಂದು ಇಬ್ಬರೂ ಒದ್ದಾಡಿದರು. ಮುಚ್ಚಿಡದೆ ಹೇಳಿದರು. ಅವಳು ಕೇಳಿಸಿಕೊಂಡು, “ಮೊದಲ ಹಾಸಿಗಿ ಎಲ್ಲಿ ಹಾಕಲಿ ಹೇಳ್ರಿ” ಎಂದಳು. ಇಂಡಿಯಾಕೆಯ ಫೋನಿಗೆ ಅಂದೇ ಐದು ಸಾವಿರ ಹೋಯಿತು.

ಕೆಲವು ವಾರಗಳ ನಂತರ ಶಿವರಾತ್ರಿಯ ಸುಮಾರಿಗೆ ನಡುರಾತ್ರಿ ನಳ ಬಂತು. ಬಾದಾಮಿಯಾಕೆ ಊರಿಗೆ ಹೋಗಿದ್ದಳು, ಬೈಲಹೊಂಗಲದಾಕೆ ಜ್ವರದಲ್ಲಿ ಮಲಗಿದ್ದಳು. ಆಯಿಗೆ ಮೊಣಕಾಲು ನೋವು, ಏಳಲಾಗದು. ಸಿಂಧನೂರಿನಾಕೆ ಪುಸ್ತಕ ಮುಚ್ಚಿ ಕೆಳಗಿಳಿದಳು. ಪೈಪು ಹಚ್ಚಿ ಮೊದಲು ಆಯಿಯ ತೊಟ್ಟಿ ತುಂಬಿಸಿದಳು, ಅಡುಗೆಮನೆಯ ಹಿಂದಿನ ಹಂಡೆಯನ್ನೂ ತುಂಬಿಸಿದಳು, ಆಮೇಲೆ ಮೇಲಿನ ಬ್ಯಾರಲ್‌ಗಳು. ಆಯಿ ಕಿಟಕಿಯ ಬಳಿ ಎದ್ದು ಕೂತು ನೋಡುತ್ತಿದ್ದರಂತೆ. ಬೇಡವೆನ್ನಲಿಲ್ಲ. ಮುಂದಿನ ಸಲ ಅವರೇ ಕೆಳಗಿನಿಂದ ಕೂಗಿದರು: “ಸಿಂಧನೂರವ್ವಾ, ನಳ ಬಂತ ನೋಡು.” ಆ ನೀರಿನಲ್ಲೇ ಅವರ ಅಡುಗೆ ಆಯಿತು, ಪೂಜೆಯೂ ಆಯಿತು.

ಸಿಂಧನೂರಿನ ಕಡೆಯಿಂದ ಬರುತ್ತಿದ್ದ ಬುತ್ತಿಯಲ್ಲಿ ರೊಟ್ಟಿಯ ಜೊತೆ ಗುರೆಳ್ಳು ಚಟ್ನಿ ಇರುತ್ತಿತ್ತು. ಖೋಲಿಯಲ್ಲಿ ಮೂವರೂ ಒಂದೇ ತಟ್ಟೆಗೆ ಕೈ ಹಾಕುತ್ತಿದ್ದರು. ಆಯಿ ಆ ಚಟ್ನಿಯನ್ನು ಕೊನೆಗೂ ಮುಟ್ಟಲಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಖೋಲಿಯ ಲೆಕ್ಕ ಮತ್ತೆ ತಿರುವುಮುರುವಾಯಿತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲವೆಂದ ಮೇಲೆ ತಿಂಗಳಿಗೆ ಎರಡು ಸಾವಿರ ಬಾಡಿಗೆ ಯಾಕೆ ಕೊಡಬೇಕೆಂದು ಬೈಲಹೊಂಗಲದಾಕೆಯ ಮನೆಯವರು ಕೇಳಿದರು. ನ್ಯಾಯದ ಪ್ರಶ್ನೆಯೇ. ಓಡಾಟ ಉಚಿತವಾಗಿ ಎಷ್ಟೋ ಹುಡುಗಿಯರ ಓದು ಉಳಿಯಿತು. ನವಲಗುಂದ, ಕಿತ್ತೂರು, ಬೈಲಹೊಂಗಲದ ಹುಡುಗಿಯರು ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ತಿರುಗಿ ಹೋಗತೊಡಗಿದರು. ಬೈಲಹೊಂಗಲದಾಕೆ ಮಾತ್ರ ಒಲ್ಲೆನೆಂದಳು. ಊರಿಗೆ ಮುಟ್ಟಿದರೆ ಎಮ್ಮೆಯ ಕೆಲಸ, ಒಲೆಯ ಕೆಲಸ. ಪುಸ್ತಕ ತೆರೆಯುವ ಹೊತ್ತಿಗೆ ಕಣ್ಣು ಮುಚ್ಚುತ್ತವೆ. ಓದಲು ಒಂದು ಖೋಲಿ ಬೇಕು ಎಂದು ಅಪ್ಪನ ಎದುರು ಮೊದಲ ಸಲ ಗಟ್ಟಿಯಾಗಿ ಹೇಳಿದಳು.

ಅದರ ಬೆನ್ನಿಗೇ ಗೃಹಜ್ಯೋತಿ ಬಂತು. ತಿಂಗಳಿಗೆ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ, ಬಾಡಿಗೆದಾರರಿಗೂ ಉಂಟು. ಮೇಲಿನ ಖೋಲಿಗೆ ಬೇರೆ ಮೀಟರಿತ್ತು. ಅರ್ಜಿ ಹಾಕಬೇಕೆಂದರೆ ಆ ವಿಳಾಸದಲ್ಲಿ ಇರುವುದಕ್ಕೆ ದಾಖಲೆ ಬೇಕು. ಕರಾರು ಪತ್ರದಲ್ಲಿ ಎಂದೋ ಹೋದವಳ ಹೆಸರು! ಬಾದಾಮಿಯಾಕೆ ಛಾಪಾ ಕಾಗದ ತಂದಳು, ಕೋರ್ಟಿನ ಎದುರಿನ ಟೈಪಿಸ್ಟ್ ಹತ್ತಿರ ಹೊಸ ಕರಾರು ಬರೆಸಿದಳು. ಆಯಿ ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಓದಿ ಸಹಿ ಮಾಡಿದರು. 2023ರ ಜುಲೈಯ ಆ ಕಾಗದದಲ್ಲಿ ಮೂವರ ಹೆಸರೂ ಇದ್ದವು, ತಂದೆಯ ಹೆಸರು, ಊರು, ಡಿಪಾಜಿಟ್ಟಿನ ಪಾಲು ಸಮೇತ. ಕೈಯಿಂದ ಕೈಗೆ ದಾಟಿ ಬಂದಿದ್ದ ದುಡ್ಡಿಗೆ ಮೊದಲ ಸಲ ಬರವಣಿಗೆಯ ಆಧಾರ ಸಿಕ್ಕಿತು. ಸಿಂಧನೂರಿನಾಕೆ ಅದರ ಜೆರಾಕ್ಸ್ ಒಂದನ್ನು ತನ್ನ ಅಪ್ಪನಿಗೆ ಕಳಿಸಿದಳು.

ಮರುಪರೀಕ್ಷೆಗೆ 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಒಪ್ಪಿಗೆ ಕೊಟ್ಟಿತು. ಪಿಎಸ್‌ಐ ಪರೀಕ್ಷೆ ಮತ್ತೆ ನಡೆದದ್ದು 2024ರ ಜನವರಿ 23ರಂದು. ಮೊದಲ ಪರೀಕ್ಷೆಯಾಗಿ ಎರಡು ವರ್ಷ ಮೂರು ತಿಂಗಳು ಕಳೆದಿತ್ತು. ಇಂಡಿಯಾಕೆ ಗಂಡನ ಜೊತೆ ಬೆಂಗಳೂರಿಗೆ ಹೋಗಿ ಬರೆದು ಬಂದಳು, ಆಯ್ಕೆಯಾಗಲಿಲ್ಲ. ಆ ಕೊನೆಯ ವರ್ಷವೂ ಅವಳು ಇದೇ ಖೋಲಿಯಲ್ಲಿದ್ದು ಓದಿದ್ದರೆ, ಬೆಳಗಿನ ಜಾವ ಓಡಿದ್ದರೆ ಎಂದು ಬಾದಾಮಿಯಾಕೆಗೆ ಈಗಲೂ ಅನಿಸುತ್ತದೆ. ಪರೀಕ್ಷೆಯ ಅಕ್ರಮದಲ್ಲಿ ಸಿಕ್ಕಿಬಿದ್ದವರ ಲೆಕ್ಕ ಪತ್ರಿಕೆಗಳಲ್ಲಿ ಬಂತು. ದಿನಾಂಕಕ್ಕೆ ಕಾದು ಕಾದು ಖೋಲಿ ಬಿಟ್ಟ ಹುಡುಗಿಯರ ಲೆಕ್ಕವನ್ನೂ ಯಾರಾದರೂ ಬರೆಯಬೇಕು ಎನ್ನುತ್ತಾಳೆ ಅವಳು.

2024ರ ಜನವರಿ 13ರಂದು ನಡೆದ ಕೆ-ಸೆಟ್‌ನಲ್ಲಿ ಬಾದಾಮಿಯಾಕೆ ಪಾಸಾದಳು. ಗದಗ ಜಿಲ್ಲೆಯ ಸರ್ಕಾರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಈಗ ತನ್ನ ಜಾಗಕ್ಕೆ ಒಬ್ಬಳನ್ನು ಹುಡುಕಬೇಕಾಗಿತ್ತು. ಆ ಕೆಲಸವನ್ನು ಸಿಂಧನೂರಿನಾಕೆ ತಾನೇ ವಹಿಸಿಕೊಂಡಳು. ಖಾನಾವಳಿ ಅಕ್ಕ ಕಳಿಸಿದ ಯಲಬುರ್ಗಾದ ಹುಡುಗಿಗೆ ಅವಳು ಕೇಳಿದ್ದು ಮೂರೇ ಮಾತು: ಎಷ್ಟು ತಿಂಗಳು ಇರುತ್ತಿ, ನೀರಿನ ಪಾಳಿ ಮಾಡುತ್ತಿಯಾ, ಊರಿಂದ ದುಡ್ಡು ತಡವಾದರೆ ಮೊದಲೇ ಹೇಳುತ್ತಿಯಾ. ಆಯಿ ಮಾತ್ರ ಬಾಗಿಲಲ್ಲಿ ಕೂತು ಹಳೆಯ ಪ್ರಶ್ನೆಯನ್ನೇ ಕೇಳಿದರು. ಹುಡುಗಿ ಬಾಯಿ ತೆರೆಯುವ ಮೊದಲೇ ಮೆಟ್ಟಿಲ ಮೇಲಿನಿಂದ ಸಿಂಧನೂರಿನಾಕೆ ಹೇಳಿದಳು, “ಓದಾಕ ಬಂದಾಳ್ರಿ ಆಯಿ. ಆಕಿ ಬಾಡಿಗಿಗೆ ನಾ ಜವಾಬ್ದಾರಿ.”

ಅಕ್ಕಪಕ್ಕದ ಓಣಿಗಳಲ್ಲಿ ಈಗಲೂ ಬೋರ್ಡಿನ ಮೇಲೆ “ಸಸ್ಯಾಹಾರಿಗಳಿಗೆ ಮಾತ್ರ” ಎಂದು ಬರೆದಿರುತ್ತಾರೆ, ಅದರ ಹಿಂದಿನ ಅರ್ಥ ಖೋಲಿ ಕೇಳಲು ಹೋದವರಿಗೆ ಗೊತ್ತು. ಆ ಮನೆಯಲ್ಲಿ ಮಾತ್ರ ಹನ್ನೊಂದು ತಿಂಗಳು ಮುಗಿದ ಮೇಲೆ ಹೊಸ ಕರಾರು ಬರೆಯುವ ಹೊತ್ತಿಗೆ ಆಯಿ ಟೈಪಿಸ್ಟನಿಗೆ ಹೇಳಿಕಳಿಸಿದ್ದು, ಖೋಲಿಯ ವ್ಯವಹಾರ ನೋಡುವವರ ಹೆಸರು ಮೊದಲು ಬರಲಿ ಎಂದು. 2024ರ ಆ ಕಾಗದದಲ್ಲಿ ಮೊದಲ ಹೆಸರು ಸಿಂಧನೂರಿನಾಕೆಯದು.